ಬುಗುರಿ ಕಡೆಯುವ ಯಂತ್ರಕ್ಕೂ ಒಂದು ಸೀಟಿ

ಕನಕಪುರದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಹೋಗಿದ್ದೀರಾ ಮಕ್ಕಳೇ? ಸಂತೆಯ ದಿನವಾದರೆ ಕಾಲಿಡಲೂ ಜಾಗವಿರುವುದಿಲ್ಲ. ಹಿಂದೆ ಸಿಕ್ಕಿಕೊಂಡ ಕಂಡಕ್ಟರಿಗೆ ಡ್ರೈವರ್ ಕಾಣುವುದೇ ಇಲ್ಲ. ಆದರೂ ಬಸ್ಸು ನಿಲ್ಲಬೇಕಾದಲ್ಲಿ ನಿಲ್ಲುತ್ತದೆ, ಹೊರಡಬೇಕಾದಾಗ ಹೊರಡುತ್ತದೆ. ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ರೈಟ್! ಸೀಟಿಯ ಸದ್ದಿನೊಳಗೆ ‘ನಿಲ್ಲು’ ಎಂಬ ಮಾತು ಇಲ್ಲವಲ್ಲ? ಒಂದಕ್ಕೆ ಇದು, ಎರಡಕ್ಕೆ ಅದು ಎಂದು ಅವರಿಬ್ಬರೂ ಮೊದಲೇ ಒಪ್ಪಿಕೊಂಡಿದ್ದಾರೆ.

ನಾನು ಯಂತ್ರಗಳಿಗೆ ವೈರು ಕಟ್ಟುವವನು. ಯಂತ್ರದ ಜೊತೆ ಇಂಥ ಒಪ್ಪಂದ ಮಾಡಿಕೊಳ್ಳುವುದೇ ನನ್ನ ಕೆಲಸ.

ಚನ್ನಪಟ್ಟಣದಲ್ಲಿ ಬುಗುರಿ ಕಡೆಯುವುದನ್ನು ಹತ್ತಿರ ನಿಂತು ನೋಡಬೇಕು. ಒಣಗಿದ ಆಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಉಳಿ ತಾಗಿಸಿದರೆ ಬಿಳಿ ಸುರುಳಿಗಳು ಹಾರಿ ಬೀಳುತ್ತವೆ. ಉಳಿಯನ್ನು ತುಂಡಿನ ಉದ್ದಕ್ಕೆ ಬರೀ ಪಕ್ಕಕ್ಕೆ ಸರಿಸಿದರೆ ಲಟ್ಟಣಿಗೆಯಂಥ ನೇರ ಕೋಲಾಗುತ್ತದೆ. ಬರೀ ಒಳಕ್ಕೆ ಒತ್ತಿದರೆ ಸುತ್ತಲೂ ಬಳೆಯಂಥ ಗೀರು ಬೀಳುತ್ತದೆ. ಬುಗುರಿಯ ಚೂಪು ಬರಬೇಕಾದರೆ ಉಳಿ ಪಕ್ಕಕ್ಕೂ ಸರಿಯಬೇಕು, ಒಳಕ್ಕೂ ಇಳಿಯಬೇಕು, ಎರಡೂ ಒಟ್ಟಿಗೆ. ಯಾವುದು ಎಷ್ಟು ಎನ್ನುವುದರ ಮೇಲೆ ಬುಗುರಿಯ ಹೊಟ್ಟೆ ಗುಂಡಗಾಗುತ್ತದೋ ಚಪ್ಪಟೆಯಾಗುತ್ತದೋ ನಿಂತಿದೆ. ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ಕೇದಗೆಯ ಎಲೆ ಹಿಡಿದು ಉಜ್ಜಿದರೆ ಫಳಫಳ ಹೊಳೆಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಲದು.

ಪಕ್ಕಕ್ಕೆ ಒಂದು ದಾರಿ, ಒಳಕ್ಕೆ ಒಂದು ದಾರಿ. ಒಂದೊಂದು ದಾರಿಗೂ ‘ಅಕ್ಷ’ ಎಂದು ಹೆಸರು. ಗಣಕಯಂತ್ರ ನಡೆಸುವ ಲೇತಿನಲ್ಲಿ ಒಂದೊಂದು ಅಕ್ಷಕ್ಕೂ ಒಂದೊಂದು ಮೋಟಾರು ಇರುತ್ತದೆ. ಎರಡೂ ಮೋಟಾರುಗಳು ತಾಳ ತಪ್ಪದಂತೆ ನೋಡಿಕೊಳ್ಳುವ ಪೆಟ್ಟಿಗೆಯೇ ಕಂಟ್ರೋಲರ್. ಕಾರು ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವ ರೋಬೋಟಿನ ತೋಳಿಗೆ ಸಾಮಾನ್ಯವಾಗಿ 6 ಅಕ್ಷಗಳಿರುತ್ತವೆ.

ಕಂಟ್ರೋಲರ್ ಲೆಕ್ಕದಲ್ಲಿ ಬಲು ಚುರುಕು. ಆದರೆ ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಇರುವುದು ಸಾಲಾಗಿ ಜೋಡಿಸಿದ ವೈರುಗಳು. ಕೆಲವು ಸುದ್ದಿ ತರುವ ವೈರುಗಳು, ಅವು ಇನ್‌ಪುಟ್. ಕೆಲವು ಅಪ್ಪಣೆ ಒಯ್ಯುವ ವೈರುಗಳು, ಅವು ಔಟ್‌ಪುಟ್. ಒಂದು ವೈರಿನಲ್ಲಿ 24 ವೋಲ್ಟ್ ಕರೆಂಟು ಇದೆ ಅಥವಾ ಇಲ್ಲ, ಅಷ್ಟೇ ಅದಕ್ಕೆ ಗೊತ್ತಾಗುವುದು. ಇದ್ದರೆ 1, ಇಲ್ಲದಿದ್ದರೆ 0.

ಇಷ್ಟರಲ್ಲಿ ಏನು ಮಾಡಲಾದೀತು ಎನ್ನಬೇಡಿ. ರಾಮನಗರದ ರೇಷ್ಮೆ ನೂಲಿನ ಕತೆ ಕೇಳಿ. ಅಲ್ಲಿನ ಸ್ವಯಂಚಾಲಿತ ಯಂತ್ರದಲ್ಲಿ ಎಂಟೋ ಹತ್ತೋ ಗೂಡುಗಳ ಎಳೆ ಸೇರಿ ಒಂದು ನೂಲಾಗುತ್ತದೆ. ಒಂದು ಗೂಡು ಮುಗಿದರೆ ನೂಲು ತೆಳುವಾಗುತ್ತದೆ, ಆದರೆ ಕಣ್ಣಿಗೆ ಅದು ಕಾಣದು. ನೂಲು ಒಂದು ಸಣ್ಣ ಸಂದಿನೊಳಗೆ ನುಸುಳಿ ಹೋಗುವಂತೆ ಮಾಡಿದ್ದಾರೆ. ಸಾಕಷ್ಟು ದಪ್ಪವಿದ್ದರೆ ತಿಕ್ಕಾಟ ಹೆಚ್ಚು, ಅದರ ಬಲಕ್ಕೆ ಒಂದು ಪುಟ್ಟ ಸನ್ನೆಕೋಲು ಮೇಲೆದ್ದು ನಿಂತಿರುತ್ತದೆ. ತೆಳುವಾದರೆ ಹಿಡಿತ ಸಡಿಲಗೊಂಡು ಅದು ಕೆಳಗೆ ಬೀಳುತ್ತದೆ. ಬಿತ್ತೋ, ಹೊಸ ಗೂಡಿನ ಎಳೆ ಬಂದು ಸೇರುತ್ತದೆ. ‘ಬಿತ್ತು, ಬೀಳಲಿಲ್ಲ’ ಎಂಬ ಎರಡೇ ಸುದ್ದಿಯಲ್ಲಿ ಸೀರೆಯ ನೂಲು ಒಂದೇ ಹದದಲ್ಲಿ ಬರುತ್ತದೆ!

ಈಗ ಲೇತಿಗೆ ಬರೋಣ. ನಮ್ಮ ಯಂತ್ರ 8 ಬಗೆಯ ಗೊಂಬೆ ಕಡೆಯಬಲ್ಲದು ಎನ್ನಿ. ಯಾವುದು ಬೇಕೆಂದು ಹೇಳಲು 8 ವೈರು ಬೇಡ, 3 ಸಾಕು. ಒಂದು ವೈರಿಗೆ ಎರಡು ಸ್ಥಿತಿ. ಮೂರು ಸೇರಿದರೆ 2×2×2, ಅಂದರೆ 8. ಮೂರರಲ್ಲೂ ಕರೆಂಟಿಲ್ಲದಿದ್ದರೆ 0 ನಂಬರಿನ ಗೊಂಬೆ, ಮೂರರಲ್ಲೂ ಇದ್ದರೆ 7. ನಡುವೆ 011 ಎಂದರೆ 3, ಅದು ಬುಗುರಿ. 100 ಎಂದರೆ 4, ಅದು ಗಿಲಕಿ.

ಬುಗುರಿಯಿಂದ ಗಿಲಕಿಗೆ ಹೋಗುವಾಗ ಒಂದು ತೊಡಕಿದೆ. 011 ಹೋಗಿ 100 ಆಗಲು ಮೂರು ವೈರೂ ಬದಲಾಗಬೇಕು. ಮೂರು ಸ್ವಿಚ್ಚುಗಳು ಸರಿಯಾಗಿ ಒಂದೇ ಗಳಿಗೆಗೆ ಬದಲಾಗುವುದಿಲ್ಲ. ಮೊದಲನೆಯದು ಚೂರು ಮುಂಚೆ ಬದಲಾದರೆ ಅರೆಗಳಿಗೆ 111 ಆಗುತ್ತದೆ. ಕಂಟ್ರೋಲರ್ ಆಗಲೇ ಓದಿಬಿಟ್ಟರೆ ಗಿಲಕಿಯ ಬದಲು 7 ನಂಬರಿನ ಗೊಂಬೆಗೆ ಉಳಿ ಇಳಿಯುತ್ತದೆ, ಒಳ್ಳೆಯ ಮರ ಹಾಳು. ಅದಕ್ಕೇ ನಾಲ್ಕನೆಯ ವೈರು ಹಾಕುತ್ತೇವೆ. ಮೂರೂ ಸರಿಯಾಗಿ ನಿಂತ ಮೇಲೆ ಅದರಲ್ಲಿ ಕರೆಂಟು ಬಿಡುತ್ತೇವೆ: ‘ಈಗ ಓದು’. ಎಲ್ಲರೂ ಹತ್ತಿ ಬಾಗಿಲು ಹಾಕಿದ ಮೇಲಲ್ಲವೇ ಕಂಡಕ್ಟರ್ ರೈಟ್ ಹೇಳುವುದು? ಕಂಟ್ರೋಲರ್ ಕೂಡ ತನ್ನ ಔಟ್‌ಪುಟ್ ವೈರಿನಲ್ಲಿ ಉತ್ತರ ಕೊಡುತ್ತದೆ: ‘ಕೆಲಸ ನಡೆದಿದೆ, ತಡಿ’.

ಸ್ವಿಚ್ಚು ಕೂಡ ಒಂದೇ ಸಲಕ್ಕೆ ಅಂಟಿಕೊಳ್ಳುವುದಿಲ್ಲ. ಗೋಲಿಯನ್ನು ಕಲ್ಲಿನ ಮೇಲೆ ಬಿಟ್ಟರೆ ಟಕ್ ಟಕಟಕ ಎಂದು ಪುಟಿದು ನಿಲ್ಲುತ್ತದಲ್ಲ, ಒಳಗಿನ ಲೋಹದ ತುದಿಗಳೂ ಹಾಗೇ ಪುಟಿಯುತ್ತವೆ. ಸೆಕೆಂಡಿನ ಸಾವಿರದ ಕೆಲವು ಪಾಲಿನಲ್ಲಿ ಅದು ಮುಗಿಯುತ್ತದೆ. ಆದರೆ ಕಂಟ್ರೋಲರಿಗೆ ಅದೂ ದೊಡ್ಡ ಹೊತ್ತೇ. ಒಂದು ಒತ್ತಿಗೆ ಐದು ಎಣಿಸಿಬಿಡಬಹುದು. ‘ಪುಟಿಯುವುದು ನಿಲ್ಲುವವರೆಗೆ ಕಾಯಿ’ ಎಂದು ಅದಕ್ಕೆ ಹೇಳಿಡಬೇಕು.

ಬೆಳಗ್ಗೆ ಕರೆಂಟು ಕೊಟ್ಟಾಗ ಬಹಳಷ್ಟು ಯಂತ್ರಗಳಿಗೆ ತಮ್ಮ ಉಳಿ ಎಲ್ಲಿದೆಯೆಂದೇ ತಿಳಿಯದು. ಕತ್ತಲೆಯಲ್ಲಿ ಗೋಡೆ ತಡವಿಕೊಂಡು ಹೋಗುವ ಹಾಗೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತವೆ. ಮೂಲೆಯ ಸ್ವಿಚ್ಚು ತಾಗಿತೋ, ಅದೇ ಸೊನ್ನೆ. ಅಲ್ಲಿಂದ ಅಳತೆ ಶುರು.

ಎಲ್ಲಕ್ಕಿಂತ ಯೋಚಿಸಿ ಮಾಡಬೇಕಾದ ಒಪ್ಪಂದ ಇನ್ನೊಂದಿದೆ. ಒಂದು ಕಾರ್ಖಾನೆಯಲ್ಲಿ ಉಳಿ ಓಡಾಡುವ ದಾರಿಯ ಕೊನೆಗೆ ಒಂದು ಸ್ವಿಚ್ಚು ಇತ್ತು. ತಾಗಿದಾಗ ಕರೆಂಟು ಬರುತ್ತದೆ, ಬಂದರೆ ನಿಲ್ಲಬೇಕು ಎಂದು ಕಟ್ಟಿದ್ದರು. ಒಂದು ರಾತ್ರಿ ಇಲಿ ಆ ವೈರನ್ನು ಕಡಿಯಿತು. ಮರುದಿನ ಉಳಿಯ ಗಾಡಿ ಕೊನೆ ಮುಟ್ಟಿತು, ಸ್ವಿಚ್ಚು ಒತ್ತಿತು, ಆದರೆ ತುಂಡಾದ ವೈರಿನಲ್ಲಿ ಕರೆಂಟು ಬರುವುದೆಲ್ಲಿಂದ? ಗಾಡಿ ಹೋಗಿ ಧಡ್ಡನೆ ಗುದ್ದಿತು. ಮೋಟಾರಿನ ಉದ್ದನೆ ಸ್ಕ್ರೂ ಬಾಗಿಹೋಯಿತು. ಪುಣ್ಯಕ್ಕೆ ಯಾರ ಕೈಯೂ ಅಲ್ಲಿರಲಿಲ್ಲ.

ನಾನು ಹೋಗಿ ಒಪ್ಪಂದವನ್ನೇ ತಿರುಗಿಸಿದೆ. ವೈರಿನಲ್ಲಿ ಸದಾ ಕರೆಂಟು ಹರಿಯುತ್ತಿರಲಿ. ಹರಿಯುತ್ತಿದ್ದರೆ ‘ಎಲ್ಲ ಸರಿ ಇದೆ’ ಎಂದರ್ಥ. ತಾಗಿದಾಗ ಸ್ವಿಚ್ಚು ಆ ಕರೆಂಟನ್ನು ಕಡಿಯಲಿ. ಇಲಿ ಕಡಿದರೂ, ಸ್ಕ್ರೂ ಸಡಿಲವಾದರೂ ಕರೆಂಟು ನಿಲ್ಲುತ್ತದೆ, ಕರೆಂಟು ನಿಂತರೆ ಯಂತ್ರವೂ ನಿಲ್ಲುತ್ತದೆ. ಮೌನವೆಂದರೆ ನಿಲ್ಲು. ಯಂತ್ರವನ್ನು ತಟ್ಟನೆ ನಿಲ್ಲಿಸುವ ದೊಡ್ಡ ಕೆಂಪು ಗುಂಡಿಯನ್ನೂ ಹೀಗೇ ಕಟ್ಟುತ್ತಾರೆ. ಅದನ್ನು ಕಂಟ್ರೋಲರಿನ ನಂಬಿಕೆಗಷ್ಟೇ ಬಿಡದೆ, ಮೋಟಾರಿಗೆ ಹೋಗುವ ಕರೆಂಟನ್ನೂ ಕಡಿಯುವಂತೆ ಮಾಡುತ್ತಾರೆ.

ಆ ಯಂತ್ರವನ್ನು ಈಗ ಒಬ್ಬ ಅಕ್ಕ ನಡೆಸುತ್ತಾರೆ. ದಿನಾ ಬೆಳಗ್ಗೆ ಮೊದಲು ಕೆಂಪು ಗುಂಡಿ ಒತ್ತಿ, ಹೊರಡುವ ಹಸಿರು ಗುಂಡಿಯನ್ನೂ ಒತ್ತಿ ನೋಡುತ್ತಾರೆ. ಯಂತ್ರ ಕದಲುವುದಿಲ್ಲ. ಆಮೇಲೇ ಕೆಂಪು ಗುಂಡಿಯನ್ನು ತಿರುವಿ ಬಿಡಿಸಿ, ಉಳಿ ಮೂಲೆಗೆ ಹೋಗಿ ಸೊನ್ನೆ ಮುಟ್ಟುವವರೆಗೆ ಕಾದು, ಮರದ ಮೊದಲ ತುಂಡನ್ನು ಸಿಕ್ಕಿಸುತ್ತಾರೆ.