ಶಾಸನ ಸಂಖ್ಯೆಯೂ ಜಾಲತಾಣದ ಕೊಂಡಿಯೂ



ಶಿಕಾರಿಪುರ ಮತ್ತು ಸೊರಬ ತಾಲೂಕುಗಳಲ್ಲಿ ಊರಿನ ಇತಿಹಾಸ, ದೇವಾಲಯ, ಶಾಲೆ, ಕರಕುಶಲ ಕಲೆ, ಪ್ರವಾಸ ಮೊದಲಾದ ವಿಷಯಗಳನ್ನು ಕುರಿತು ಜಾಲತಾಣಗಳನ್ನು ಕಟ್ಟಿ ನಡೆಸುತ್ತಿರುವ ಸಜ್ಜನರೆಲ್ಲರೂ ಒಂದೆಡೆ ಸೇರಿ, ತಮ್ಮ ಪುಟಗಳಿಗೆ ಓದುಗರು ಏಕೆ ವಿರಳರಾಗಿದ್ದಾರೆ, ನಮ್ಮ ಊರಿನ ಹೆಸರನ್ನೇ ಬರೆದು ಹುಡುಕಿದವನಿಗೂ ನಮ್ಮ ಪುಟ ಏಕೆ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ವಿಚಾರಮಾಡಬೇಕೆಂದು ಈ ಸಮ್ಮೇಳನವನ್ನು ಕೂಡಿಸಿ, ಅದರ ಅಧ್ಯಕ್ಷಪೀಠದಲ್ಲಿ ನನ್ನನ್ನು ಕುಳ್ಳಿರಿಸಿದ್ದೀರಿ. ಇದಕ್ಕೆ ಉತ್ತರವನ್ನು ಶೋಧಯಂತ್ರವು ಪುಟಗಳನ್ನು ತೂಗುವ ರೀತಿಯಲ್ಲಿ ಹುಡುಕಬೇಕು.

1998ರ ಏಪ್ರಿಲ್ ತಿಂಗಳಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಸೇರಿದ ವಿದ್ವಾಂಸರ ಸಮಾವೇಶವೊಂದರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕ ವಿದ್ಯಾರ್ಥಿಗಳಾದ ಸರ್ಗೈ ಬ್ರಿನ್ ಮತ್ತು ಲ್ಯಾರಿ ಪೇಜ್ ಎಂಬಿಬ್ಬರು ತಾವು ಕಟ್ಟಿದ ಗೂಗಲ್ ಎಂಬ ಶೋಧಯಂತ್ರದ ರಚನೆಯನ್ನು ವಿವರಿಸುವ ಪ್ರಬಂಧವನ್ನು ಮಂಡಿಸಿದರು. ಆಗ ಅದರ ಭಂಡಾರದಲ್ಲಿದ್ದುದು ಸುಮಾರು 2 ಕೋಟಿ 40 ಲಕ್ಷ ಪುಟಗಳು ಮಾತ್ರ. ಆದರೆ ಅದರ ಹಿಂದಿದ್ದ ವಿಚಾರವು ಬಹು ದೊಡ್ಡದು: ಒಂದು ಪುಟದ ಯೋಗ್ಯತೆಯನ್ನು ಆ ಪುಟವು ತನ್ನನ್ನು ತಾನು ಎಷ್ಟು ಹೊಗಳಿಕೊಂಡಿದೆ, ಹುಡುಕುವ ಪದವನ್ನು ಎಷ್ಟು ಸಲ ಹೇಳಿದೆ ಎಂಬುದರಿಂದ ನಿರ್ಣಯಿಸುವುದಕ್ಕಿಂತ, ಇತರ ಪುಟಗಳಲ್ಲಿ ಎಷ್ಟು, ಅವುಗಳಲ್ಲಿಯೂ ಎಂತಹವು, ಅದರ ಕಡೆಗೆ ಓದುಗನನ್ನು ಕಳುಹಿಸುತ್ತಿವೆ ಎಂಬುದರಿಂದ ನಿರ್ಣಯಿಸುವುದು ಲೇಸು. ಕೊಂಡಿಯಿಂದ ಕೊಂಡಿಗೆ ಮನಬಂದಂತೆ ಸಂಚರಿಸುವ ಓದುಗನೊಬ್ಬನನ್ನು ಅವರು ಕಲ್ಪಿಸಿಕೊಂಡರು. ಅವನು ನೂರಕ್ಕೆ 85 ಸಲ ಎದುರಿಗಿರುವ ಪುಟದ ಯಾವುದಾದರೊಂದು ಕೊಂಡಿಯನ್ನು ಹಿಡಿದು ಮುಂದಕ್ಕೆ ಹೋಗುತ್ತಾನೆ, ಉಳಿದ 15 ಸಲ ಬೇಸತ್ತು ಬೇರೆಲ್ಲಿಗೋ ಹಾರುತ್ತಾನೆ. ಹೀಗೆ ನಿರಂತರವಾಗಿ ಅಲೆಯುತ್ತಿರುವಾಗ ಅವನು ಯಾವ ಪುಟಕ್ಕೆ ಹೆಚ್ಚಾಗಿ ಬಂದು ಸೇರುತ್ತಾನೆಯೋ ಆ ಪುಟದ ತೂಕ ಹೆಚ್ಚು. ಗಣ್ಯವಾದ ಪುಟವೊಂದು ಕೊಡುವ ಒಂದೇ ಕೊಂಡಿಯು ಯಾರೂ ಕಾಣದ ನೂರು ಪುಟಗಳ ನೂರು ಕೊಂಡಿಗಳಿಗಿಂತ ಮಿಗಿಲಾಗಬಹುದೆಂಬುದು ಈ ಗಣಿತದ ಫಲ. ಇಂದು ಗೂಗಲ್ ನೋಡುವ ಸಂಗತಿಗಳು ಅನೇಕ. ಕೊಂಡಿಯು ಅವುಗಳಲ್ಲಿ ಒಂದು. ಆದರೂ ಅದರ ಬೆಲೆ ಅಳಿದಿಲ್ಲ.

ಈ ವಿಚಾರವು ವಿದ್ವತ್ಪ್ರಪಂಚಕ್ಕೆ ಹೊಸದೇನಲ್ಲ. ಒಂದು ಪ್ರಬಂಧವನ್ನು ಮುಂದಿನವರು ಎಷ್ಟು ಸಲ ಉಲ್ಲೇಖಿಸಿದರೆಂಬುದನ್ನು ನೋಡಿ ಅದರ ಪ್ರಭಾವವನ್ನು ಅಳೆಯುವ ಪದ್ಧತಿಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡರು 1960ರ ದಶಕದಲ್ಲಿಯೇ ಬೆಳಸಿದ್ದರು. ಸ್ಟ್ಯಾನ್‌ಫರ್ಡಿನವರು ಅದನ್ನು ಅಂತರ್ಜಾಲಕ್ಕೆ ವಿಸ್ತರಿಸಿದರು. ಆದರೆ ಉಲ್ಲೇಖದ ಬಲವೆಷ್ಟೆಂಬುದನ್ನು ತಿಳಿಯಲು ನಾವು ಅಮೆರಿಕದವರೆಗೆ ಹೋಗಬೇಕಾದುದಿಲ್ಲ. ಶಿಕಾರಿಪುರ ತಾಲೂಕಿನ ತಾಳಗುಂದದವರೆಗೆ ಹೋದರೆ ಸಾಕು.

ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಶಿಲಾಸ್ತಂಭವನ್ನು ನಿಮ್ಮಲ್ಲಿ ನೋಡದವರಿಲ್ಲ. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಆ ಶಾಸನದಲ್ಲಿ, ಇದೇ ಊರಿನ ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ವಿದ್ಯಾರ್ಥಿಯಾಗಿ ಹೋದುದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ ಶಸ್ತ್ರವನ್ನು ಹಿಡಿದುದು, ಕದಂಬ ರಾಜ್ಯವನ್ನು ಸ್ಥಾಪಿಸಿದುದು ಎಲ್ಲವೂ ಇದೆ. ಶಾಸನತಜ್ಞರಾದ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕವೆಂಬ ಶಾಸನಸಂಗ್ರಹದ 7ನೆಯ ಸಂಪುಟವನ್ನು 1902ರಲ್ಲಿಯೂ 8ನೆಯ ಸಂಪುಟವನ್ನು 1904ರಲ್ಲಿಯೂ ಪ್ರಕಟಿಸಿ, ಮೊದಲನೆಯದರಲ್ಲಿ ಶಿಕಾರಿಪುರ ತಾಲೂಕಿನ, ಎರಡನೆಯದರಲ್ಲಿ ಸೊರಬ ತಾಲೂಕಿನ ಶಾಸನಗಳಿಗೆ ಒಂದೊಂದಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟರು. ತಾಳಗುಂದದ ಸ್ತಂಭಕ್ಕೆ ಬಂದ ಸಂಖ್ಯೆ ಶಿಕಾರಿಪುರ 176. ಅಲ್ಲಿಂದಾಚೆಗೆ, ಜರ್ಮನಿಯ ಕೀಲ್‌ಹಾರ್ನ್ ಎಪಿಗ್ರಾಫಿಯ ಇಂಡಿಕದಲ್ಲಿ ಅದನ್ನು ಪುನಃ ಸಂಪಾದಿಸಿದುದು ಮೊದಲುಗೊಂಡು ಇಂದಿನವರೆಗೆ, ಕದಂಬರನ್ನು ಕುರಿತು ಬರೆಯುವ ಯಾವ ವಿದ್ವಾಂಸನೂ ಈ ಸ್ತಂಭವನ್ನು ದಾಟಿ ಹೋಗಲಾರನು. ರೈಸರು ಯಾರಿಗೂ ಹಣ ಕೊಟ್ಟು ತಮ್ಮ ಗ್ರಂಥವನ್ನು ಉಲ್ಲೇಖಿಸಿರೆಂದು ಬೇಡಲಿಲ್ಲ. ಬೇರೆಲ್ಲಿಯೂ ಸಿಕ್ಕದ ವಸ್ತುವನ್ನು ಪಾಠ, ಲಿಪ್ಯಂತರ, ಅನುವಾದಗಳ ಸಹಿತವಾಗಿ ಒಂದು ಕಡೆ ಇಟ್ಟರು. ಅದನ್ನು ಬೆರಳಿಟ್ಟು ತೋರಿಸಲು ಬರುವಂತಹ ಒಂದು ವಿಳಾಸವನ್ನು ಕೊಟ್ಟರು. ಆ ವಿಳಾಸವನ್ನು ಬದಲಾಯಿಸಲಿಲ್ಲ. ಕೊಂಡಿಗಳನ್ನು ಗಳಿಸುವ ವಿದ್ಯೆಯಲ್ಲಿ ಇವು ಮೂರಕ್ಕಿಂತ ಮುಖ್ಯವಾದುದನ್ನು ನಾನು ಕಾಣೆನು.

ಮೂರನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಮ್ಮಲ್ಲಿ ಹೆಚ್ಚು ಹಾನಿಯಾಗುತ್ತಿರುವುದು ಅಲ್ಲಿ. ಎರಡು ಮೂರು ವರ್ಷಕ್ಕೊಮ್ಮೆ ಜಾಲತಾಣದ ವಿನ್ಯಾಸವನ್ನು ಹೊಸದು ಮಾಡುವ ಉತ್ಸಾಹದಲ್ಲಿ ಹಳೆಯ ಪುಟಗಳ ವಿಳಾಸಗಳನ್ನೆಲ್ಲ ಅಳಿಸಿಬಿಡುತ್ತೇವೆ. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಕುಳಿತ ಅಧ್ಯಾಪಕರೊಬ್ಬರು ನಮ್ಮ ಬಳ್ಳಿಗಾವಿಯ ಪುಟವನ್ನು ಮೆಚ್ಚಿ ತಮ್ಮ ಲೇಖನದಲ್ಲಿ ಕೊಂಡಿ ಕೊಟ್ಟಿದ್ದರೆ, ಅದನ್ನು ಒತ್ತಿದವನಿಗೆ ಪುಟ ದೊರೆಯಲಿಲ್ಲವೆಂಬ ಉತ್ತರ ಬರುತ್ತದೆ. ಸ್ವಲ್ಪ ಕಾಲದಲ್ಲಿ ಆ ಅಧ್ಯಾಪಕರೂ ಕೊಂಡಿಯನ್ನು ತೆಗೆದುಹಾಕುತ್ತಾರೆ. ವಿಳಾಸವನ್ನು ಬದಲಾಯಿಸಲೇಬೇಕಾದ ಪಕ್ಷದಲ್ಲಿ, ಹಳೆಯ ವಿಳಾಸಕ್ಕೆ ಬಂದವನನ್ನು ಹೊಸದಕ್ಕೆ ತಾನಾಗಿಯೇ ಸಾಗಿಸುವ, ತಂತ್ರಜ್ಞರು 301 ಎಂದು ಕರೆಯುವ ಶಾಶ್ವತ ಮರುನಿರ್ದೇಶನದ ಏರ್ಪಾಡು ಇದೆ. ಅದನ್ನು ಮಾಡಿಕೊಡದ ವಿನ್ಯಾಸಕಾರನಿಗೆ ಹಣವನ್ನು ಪಾವತಿಮಾಡಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಹೊಸ ಕೊಂಡಿಗಳನ್ನು ಅರಸುವುದಕ್ಕೆ ಮೊದಲು, ಕಡಿದುಹೋದ ಹಳೆಯ ಕೊಂಡಿಗಳನ್ನು ಗೂಗಲ್ಲೇ ಉಚಿತವಾಗಿ ಒದಗಿಸುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಹುಡುಕಿ ಸರಿಪಡಿಸಿಕೊಳ್ಳುವುದು ಯಾರಿಗೂ ಅಸಾಧ್ಯವಲ್ಲ.

ಇನ್ನು ಕ್ರಯಕ್ಕೆ ಬರುವ ಕೊಂಡಿಗಳ ಮಾತು. ಇಷ್ಟು ರೂಪಾಯಿಗೆ ಇಷ್ಟು ಸಾವಿರ ಕೊಂಡಿಗಳನ್ನು ಕೊಡಿಸುತ್ತೇವೆಂದು ಬರುವ ಪತ್ರಗಳು ನಿಮ್ಮಲ್ಲಿ ಅನೇಕರಿಗೆ ಬಂದಿರಬಹುದು. ಅಮೆರಿಕದ ಜೆ. ಸಿ. ಪೆನ್ನಿ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯ ಕತೆ ಇಲ್ಲಿ ಸ್ಮರಣೀಯ: ವಿಷಯಕ್ಕೆ ಸಂಬಂಧವೇ ಇಲ್ಲದ ನೂರಾರು ತಾಣಗಳಲ್ಲಿ ಅದರ ಕಡೆಗೆ ಸಾವಿರಾರು ಕೊಂಡಿಗಳು ತುಂಬಿಕೊಂಡಿರುವುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲುಮಾಡಿದ ಬಳಿಕ, ಅದುವರೆಗೆ ಎಷ್ಟೋ ಪದಗಳಿಗೆ ಮೊದಲನೆಯ ಸ್ಥಾನದಲ್ಲಿದ್ದ ಆ ತಾಣವನ್ನು ಗೂಗಲ್ ಬಹು ಕೆಳಕ್ಕೆ ಇಳಿಸಿತು. ಮರುವರ್ಷದ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಹೆಸರಿನ ಪರಿಷ್ಕಾರವು ಬಂದು, ಇಂತಹ ಕೃತ್ರಿಮಗಳನ್ನು ಯಂತ್ರವೇ ಪತ್ತೆಹಚ್ಚುವಂತಾಯಿತು. ಜಾಹೀರಾತಿಗಾಗಿ ಹಣ ಕೊಟ್ಟು ಕೊಂಡಿ ಹಾಕಿಸುವುದು ಅಪರಾಧವಲ್ಲ. ಅದನ್ನು ಪ್ರಾಯೋಜಿತವೆಂದು ಗುರುತುಮಾಡಬೇಕು, ಮಾಡಿದರೆ ಅದು ಶ್ರೇಣಿಯ ಲೆಕ್ಕಕ್ಕೆಂದು ಕೊಟ್ಟುದಲ್ಲವೆಂದು ಯಂತ್ರಕ್ಕೆ ತಿಳಿಯುತ್ತದೆ, ಅಷ್ಟೆ. ವಿಕಿಪೀಡಿಯದ ಲೇಖನಗಳಲ್ಲಿ ತಮ್ಮ ತಾಣದ ಕೊಂಡಿಯನ್ನು ತುರುಕುವ ಅಭ್ಯಾಸವೂ ವ್ಯರ್ಥ, ಏಕೆಂದರೆ 2007ರಿಂದ ಅಲ್ಲಿಯ ಹೊರಕೊಂಡಿಗಳಿಗೆಲ್ಲ, ಶ್ರೇಣಿಯ ಲೆಕ್ಕಕ್ಕೆ ಹಿಡಿಯಬೇಡವೆಂದು ಯಂತ್ರಕ್ಕೆ ಸೂಚಿಸುವ ನೋಫಾಲೋ ಎಂಬ ಗುರುತು ಅಂಟಿಕೊಂಡಿದೆ. ಕನ್ನಡ ವಿಕಿಪೀಡಿಯದಲ್ಲಿ ಕುಬಟೂರಿನ ಕೈಟಭೇಶ್ವರ ದೇವಾಲಯವನ್ನು ಕುರಿತು ಆಧಾರಸಹಿತವಾದ ನಾಲ್ಕು ಒಳ್ಳೆಯ ಪ್ರಕರಣಗಳನ್ನು ಬರೆಯುವುದಾದರೆ ಬರೆಯಿರಿ. ಅದನ್ನು ಓದಿದ ಲೇಖಕನು ಮೂಲವನ್ನು ಹುಡುಕಿಕೊಂಡು ನಿಮ್ಮಲ್ಲಿಗೆ ಬಂದಾನು.

ಹಾಗಾದರೆ ನಮಗೆ ಕೊಂಡಿಗಳನ್ನು ಕೊಡತಕ್ಕವರು ಯಾರು? ಈ ಎರಡು ತಾಲೂಕುಗಳ ಭಾಗ್ಯವೆಂದರೆ, ನಮ್ಮ ನೆಲದ ಕತೆಯು ಎಷ್ಟೋ ದೂರದ ಊರುಗಳ ಕತೆಯೊಳಗೆ ಸೇರಿಹೋಗಿದೆ. ಕಾಂಚಿಯ ಘಟಿಕೆಯನ್ನು ಕುರಿತು ಬರೆಯುವವನಿಗೆ ತಾಳಗುಂದ ಬೇಕು. ಬನವಾಸಿಗೆ ಪ್ರವಾಸ ಏರ್ಪಡಿಸುವವನಿಗೆ ಸೊರಬದ ದಾರಿ ಬೇಕು. ಶ್ರೀಶೈಲದ ಕದಳಿಯನ್ನು ವರ್ಣಿಸುವವನಿಗೆ ಅಕ್ಕಮಹಾದೇವಿಯ ಉಡುತಡಿಯೂ ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಬೇಕು. ಕನ್ನಡದ ಅತ್ಯಂತ ಪ್ರಾಚೀನ ಶಾಸನ ಯಾವುದೆಂದು ಚರ್ಚಿಸುವವನು, 2013ರಲ್ಲಿ ತಾಳಗುಂದದಲ್ಲಿ ದೊರೆತು ಪುರಾತತ್ತ್ವ ಇಲಾಖೆಯವರು 370ರ ಸುಮಾರಿನದೆಂದು ಹೇಳಿದ ಸಿಂಹಕಟಾಂಜನ ಶಾಸನವನ್ನು ಹಲ್ಮಿಡಿಯ ಜೊತೆಗೆ ಹೆಸರಿಸಲೇಬೇಕಾಗಿದೆ. ಸ್ವಾತಂತ್ರ್ಯ ಸಂಗ್ರಾಮದ ಚರಿತ್ರೆಯನ್ನು ಬರೆಯುವವನಿಗೆ, 1942ರಲ್ಲಿ ಸ್ವತಂತ್ರವೆಂದು ಸಾರಿಕೊಂಡು 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲುಗಂಬಕ್ಕೆ ಒಪ್ಪಿಸಿದ ಈಸೂರು ಬೇಕು. ಹಕ್ಕಿಗಳನ್ನು ನೋಡುವವರಿಗೆ ಮಳೆಗಾಲದ ಗುಡವಿ ಬೇಕು. ಇವರೆಲ್ಲರೂ ಇಂದು ಕೊಂಡಿ ಕೊಡುತ್ತಿರುವುದು ದೂರದಲ್ಲಿ ಕುಳಿತು ಒಬ್ಬರಿಂದೊಬ್ಬರು ನಕಲುಮಾಡಿದ ಪುಟಗಳಿಗೆ. ನಮ್ಮಲ್ಲಿ ಅದಕ್ಕಿಂತ ಉತ್ತಮವಾದುದು ಸಿಕ್ಕದ ಕಾರಣ, ತಪ್ಪು ಅವರದಲ್ಲ.

ಉತ್ತಮವಾದುದೆಂದರೆ ಎಂತಹುದು? ಒಂದು ಉದಾಹರಣೆಯನ್ನು ಕೊಡುತ್ತೇನೆ. ಬಳ್ಳಿಗಾವಿಯ ಕೋಡಿಯ ಮಠಕ್ಕೆ ಸಂಬಂಧಿಸಿದ 1162ರ ಶಾಸನ, ರೈಸರ ಸಂಪುಟದಲ್ಲಿ ಶಿಕಾರಿಪುರ 102, ಅಲ್ಲಿ ವೇದಗಳನ್ನೂ ಕೌಮಾರ, ಪಾಣಿನೀಯ, ಶಾಕಟಾಯನವೇ ಮೊದಲಾದ ವ್ಯಾಕರಣಗಳನ್ನೂ ದರ್ಶನಗಳನ್ನೂ ಬೋಧಿಸುತ್ತಿದ್ದರೆಂದೂ, ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿಕ್ಕುತ್ತಿದ್ದರೆಂದೂ, ರೋಗಿಗಳಿಗೆ ಚಿಕಿತ್ಸೆಯನ್ನು ಮಾಡುತ್ತಿದ್ದರೆಂದೂ ಹೇಳುತ್ತದೆ. ಭಾರತದ ಶಿಕ್ಷಣದ ಇತಿಹಾಸವನ್ನಾಗಲಿ ವೈದ್ಯದ ಇತಿಹಾಸವನ್ನಾಗಲಿ ಬರೆಯುವ ಯಾರಿಗೂ ಇದು ಅಮೂಲ್ಯವಾದ ಸಾಮಗ್ರಿ. ಶಾಸನದ ಪೂರ್ಣಪಾಠ, ಹೊಸಗನ್ನಡದ ಸರಳಾನುವಾದ, ಅಕ್ಷರಗಳು ಸ್ಪಷ್ಟವಾಗಿ ತೋರುವ ಛಾಯಾಚಿತ್ರ, ಯಾರು ಬೇಕಾದರೂ ಋಣಸ್ಮರಣೆ ಮಾಡಿ ಬಳಸಿಕೊಳ್ಳಬಹುದೆಂಬ ಅನುಮತಿ, ಇವಿಷ್ಟನ್ನು ಒಂದೇ ಪುಟದಲ್ಲಿ ಇಟ್ಟವನ ಬಾಗಿಲಿಗೆ ವಿದ್ವಾಂಸರು ತಾವಾಗಿಯೇ ಬರುತ್ತಾರೆ. ಬಂದಿಲ್ಲವಾದರೆ ಅವರಿಗೆ ಒಂದು ಪತ್ರ ಬರೆಯಿರಿ: ಅವರ ಲೇಖನದ ಯಾವ ಪ್ರಕರಣಕ್ಕೆ ನಿಮ್ಮ ಪುಟ ಉಪಯೋಗವಾಗುತ್ತದೆಂಬುದನ್ನು ನಿರ್ದಿಷ್ಟವಾಗಿ ಸೂಚಿಸಿ, ವಿನಯದಿಂದ. ಸಾವಿರ ಜನಕ್ಕೆ ಒಂದೇ ಒಕ್ಕಣೆಯ ಪತ್ರವನ್ನು ಕಳುಹಿಸುವುದಕ್ಕಿಂತ ಹತ್ತು ಜನಕ್ಕೆ ಅವರವರ ಬರಹವನ್ನು ಓದಿ ಬರೆಯುವುದು ಮೇಲು.

ಕೊಂಡಿಯನ್ನು ಯಾವ ಪದಗಳ ಮೇಲೆ ಹಾಕುತ್ತೇವೆಂಬುದೂ ಮುಖ್ಯ, ಏಕೆಂದರೆ ಮುಂದಿರುವ ಪುಟದ ವಿಷಯವೇನೆಂಬುದನ್ನು ಯಂತ್ರವು ಆ ಪದಗಳಿಂದಲೂ ತಿಳಿದುಕೊಳ್ಳುತ್ತದೆ. ನಮ್ಮ ಬಳ್ಳಿಗಾವಿಗೆ ಬೆಳಗಾವಿ, ಬೆಳಗಾಮಿ, ಬಳ್ಳಿಗಾವೆ ಎಂಬ ರೂಪಗಳೂ ಬಳಕೆಯಲ್ಲಿವೆ. ಉತ್ತರದ ಮಹಾನಗರವು 2014ರ ನವೆಂಬರಿನಿಂದ ಅಧಿಕೃತವಾಗಿ ಬೆಳಗಾವಿಯಾದ ಮೇಲೆ ತೊಡಕು ಹೆಚ್ಚಿತು. ಸಿಂಧ್ ಪ್ರಾಂತದಲ್ಲಿಯೂ ಒಂದು ಶಿಕಾರಪುರವಿದೆ. ಆದುದರಿಂದ 'ಇಲ್ಲಿ ಒತ್ತಿರಿ' ಎಂಬ ಮಾತಿನ ಮೇಲೆ ಕೊಂಡಿಯನ್ನಿಡದೆ, 'ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯ' ಎಂಬಂತೆ ಬಿಡಿಸಿ ಬರೆದು ಅದರ ಮೇಲಿಡಬೇಕು. ರೂಪಾಂತರಗಳೆಲ್ಲವನ್ನೂ ಪುಟದೊಳಗೆ ಒಮ್ಮೆಯಾದರೂ ಹೇಳಿರಬೇಕು.

ಅಕ್ಷರಗಳ ವಿಷಯವನ್ನು ಬಿಟ್ಟರೆ ಈ ಭಾಷಣ ಅಪೂರ್ಣವಾದೀತು. ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮೊದಲಿನ ಅಕ್ಷರಶೈಲಿಗಳಲ್ಲಿ ಟಂಕಿಸಿದ ಕನ್ನಡವು ತೆರೆಯ ಮೇಲೆ ಕನ್ನಡವಾಗಿಯೇ ತೋರಿದರೂ ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸ್ಮರಣ ಸಂಚಿಕೆಗಳನ್ನು ಬರಿಯ ಚಿತ್ರಗಳಾಗಿ ಸ್ಕ್ಯಾನ್ ಮಾಡಿ ಏರಿಸಿದರೂ ಅವುಗಳ ಮಾತು ಹುಡುಕುವವನಿಗೆ ಸುಲಭವಾಗಿ ಎಟುಕದು. ಹುಡುಕಿದರೆ ಸಿಕ್ಕದ ಪುಟಕ್ಕೆ ಕೊಂಡಿ ಕೊಡುವವರು ಎಲ್ಲಿಂದ ಬರಬೇಕು? ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಕರಡು ತಿದ್ದಿ ಏರಿಸುವ ಶ್ರಮವನ್ನು ನಮ್ಮ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ವಹಿಸಿಕೊಂಡರೆ ಎರಡು ತಾಲೂಕುಗಳಿಗೂ ಮಹದುಪಕಾರವಾಗುತ್ತದೆ.

ಸೊರಬದ ಗುಡಿಗಾರರ ವಿಷಯದಲ್ಲಿ ನನಗೆ ವಿಶೇಷವಾದ ಕಳಕಳಿಯಿದೆ. ಗಂಧದ ಮರದಲ್ಲಿ ಅವರ ಉಳಿ ಬಿಡಿಸುವ ಬಳ್ಳಿ, ಹಕ್ಕಿ, ದೇವತಾಮೂರ್ತಿಗಳನ್ನು ದೂರದ ನಗರದ ಅಂಗಡಿಗಳು ಕುಶಲಕರ್ಮಿಯ ಊರನ್ನೂ ಹೇಳದೆ ಮಾರುತ್ತಿರುವಾಗ, ಆ ಕೆಲಸವನ್ನು ಹಂತ ಹಂತವಾಗಿ ತೋರಿಸುವ, ಉಳಿಗಳ ಹೆಸರನ್ನೂ ಮಾದರಿಗಳ ಹೆಸರನ್ನೂ ಅವರ ಬಾಯಿಂದಲೇ ಕೇಳಿ ಬರೆದ ಪುಟವೊಂದು ಸೊರಬದಿಂದಲೇ ಹೊರಡಬೇಕು. ವಸ್ತುಸಂಗ್ರಹಾಲಯಗಳು, ವಿನ್ಯಾಸಶಾಲೆಗಳು, ಕಲಾಪತ್ರಿಕೆಗಳು ಅಂತಹ ಪುಟಕ್ಕೆ ಕೊಂಡಿ ಕೊಡಲು ಹಿಂಜರಿಯುವುದಿಲ್ಲ. ಅದರಿಂದ ಬರುವ ಓದುಗರಲ್ಲಿ ಕೆಲವರು ಕೊಳ್ಳುವವರೂ ಆಗುತ್ತಾರೆ.

ಕೊನೆಯದಾಗಿ, ಸಭಿಕರಲ್ಲಿ ನನ್ನ ಪ್ರಾರ್ಥನೆ ಇಷ್ಟು. ಶಿಕಾರಿಪುರದ ತಾಣಗಳವರು ಸೊರಬದವರನ್ನೂ ಸೊರಬದವರು ಶಿಕಾರಿಪುರದವರನ್ನೂ, ಲೆಕ್ಕಕ್ಕೆ ಲೆಕ್ಕವೆಂಬ ವಿನಿಮಯದ ಒಪ್ಪಂದದಿಂದಲ್ಲದೆ, ಓದುಗನಿಗೆ ನಿಜವಾಗಿ ಉಪಯುಕ್ತವಾದೆಡೆಯಲ್ಲಿ ಮಾತ್ರ, ಧಾರಾಳವಾಗಿ ಉಲ್ಲೇಖಿಸಿರಿ. ಈ ಸಮ್ಮೇಳನ ಮುಗಿಯುವುದರೊಳಗಾಗಿ ಒಂದು ಸಣ್ಣ ಸಮಿತಿಯನ್ನು ರಚಿಸಿ, ರೈಸರ ಎರಡು ಸಂಪುಟಗಳಲ್ಲಿರುವ ನಮ್ಮ ಶಾಸನಗಳಿಗೆ ಒಂದೊಂದು ಪುಟದಂತೆ, ಅವರು ಕೊಟ್ಟ ಸಂಖ್ಯೆಯನ್ನೇ ವಿಳಾಸದಲ್ಲಿ ಉಳಿಸಿಕೊಂಡು, ಯೂನಿಕೋಡ್ ಕನ್ನಡದಲ್ಲಿ ಪ್ರಕಟಿಸುವ ಕಾರ್ಯವನ್ನು ಅದಕ್ಕೆ ವಹಿಸಿರಿ. ಮೊದಲನೆಯ ಪುಟ ಶಿಕಾರಿಪುರ 176 ಆಗಿರಲಿ.