ಬಹುಮಾನವು ಯಾವ ಬುಟ್ಟಿಗೆ?
(ಹಳ್ಳಿಯ ಹೂ–ಕಾಯಿಪಲ್ಯೆಗಳ ಪ್ರದರ್ಶನವನ್ನು ಕುರಿತು ಹಾವೇರಿಯಲ್ಲಿ ಮಾಡಿದ ಭಾಷಣ)



ಕೋರ್ಟಿನಲ್ಲಿ ವಾದಿಸಿ ಹೊಟ್ಟೆ ಹೊರೆಯುವವನನ್ನು ಕಾಯಿಪಲ್ಯೆಯ ವಿಷಯವಾಗಿ ಮಾತನಾಡಲು ಕರೆದಿರುವಿರಿ. ಇದನ್ನು ಕೇಳಿ ನನ್ನ ಕಕ್ಷಿಗಾರರಲ್ಲಿ ಒಬ್ಬಿಬ್ಬರು ನಕ್ಕರು. ಆದರೆ ಪ್ರದರ್ಶನವೆಂಬುದು ಹೊಲದ ವಿಷಯವಾಗಿರುವಂತೆಯೇ ನಿಬಂಧನೆಯ ವಿಷಯವೂ ಆಗಿರುವುದು. ಐದು ಬದನೆಕಾಯಿಗಳನ್ನು ಇಡತಕ್ಕದ್ದೆಂದು ಕಾಗದದಲ್ಲಿ ಬರೆದಿರಲಾಗಿ, ಆರನ್ನು ಇಟ್ಟವನು ಬಹುಮಾನಕ್ಕೆ ಎರವಾಗುವನು. ಅವನ ಬದನೆಕಾಯಿಗಳು ಎಷ್ಟು ಚೆಲುವಾಗಿದ್ದರೂ ಸರಿಯೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಈ ಕಟ್ಟಳೆಯು ಬಹು ಬಿಗಿಯಾದುದು. ಅಂಥ ತಟ್ಟೆಯ ಮೇಲೆ ಪರೀಕ್ಷಕರು ‘ಸೂಚನಾಪತ್ರದಂತೆ ಇಲ್ಲ’ ಎಂಬರ್ಥದ ಚೀಟಿಯನ್ನಿಟ್ಟು ಮುಂದೆ ನಡೆದುಬಿಡುವರು. ಅದಕ್ಕೆ ಅಪೀಲು ಇಲ್ಲ. ನಾವೂ ಇಂಥ ಪ್ರದರ್ಶನಗಳನ್ನು ನಮ್ಮ ಹಳ್ಳಿಗಳಲ್ಲಿ ನಡೆಯಿಸಬೇಕೆಂದು ಹೊರಟಿರುವೆವಾದ್ದರಿಂದ, ಸೂಚನಾಪತ್ರದಲ್ಲಿ ಏನನ್ನು ಬರೆಯಬೇಕೆಂಬುದೇ ಮೊದಲನೆಯ ಪ್ರಶ್ನೆಯಾಗಿರುವುದು.

ಇದು ಸಣ್ಣ ಪ್ರಶ್ನೆಯಲ್ಲ. ಪರೀಕ್ಷಕನು ಯಾವುದನ್ನು ಮೆಚ್ಚುವನೋ ಅದನ್ನೇ ಒಕ್ಕಲಿಗನು ಮುಂದಿನ ವರ್ಷ ಬಿತ್ತುವನು. ಇದಕ್ಕೊಂದು ಸಾಕ್ಷಿಯನ್ನು ಒಪ್ಪಿಸುವೆನು. ಉತ್ತರ ಇಂಗ್ಲೆಂಡಿನಲ್ಲಿ ಗೂಸ್‌ಬೆರಿ ಎಂಬ ಮುಳ್ಳುಪೊದೆಯ ಹಣ್ಣಿದೆ. ನಮ್ಮ ನೆಲ್ಲಿಯಲ್ಲ, ಅದರ ಬಳಗವೂ ಅಲ್ಲ. ಅಲ್ಲಿಯ ಕೂಲಿಕಾರರೂ ನೇಕಾರರೂ ಸಂಘಗಳನ್ನು ಕಟ್ಟಿಕೊಂಡು, ಯಾರ ಹಣ್ಣು ಹೆಚ್ಚು ತೂಗುವುದೋ ಅವರಿಗೆ ಬಹುಮಾನ ಕೊಡುತ್ತ ಬಂದರು. ಯಾರ್ಕ್‌ಶೈರಿನ ಎಗ್ಟನ್ ಬ್ರಿಜ್ ಎಂಬ ಹಳ್ಳಿಯ ಸಂಘವು ೧೮೦೦ರಲ್ಲಿ ಹುಟ್ಟಿ ಇಂದಿಗೂ ನಡೆದಿದೆ. ಇದರ ಫಲವನ್ನು ಚಾರ್ಲ್ಸ್ ಡಾರ್ವಿನ್ನನು ೧೮೬೮ರಲ್ಲಿ ಪ್ರಕಟಿಸಿದ, ಪಳಗಿದ ಪ್ರಾಣಿ–ಸಸ್ಯಗಳ ಮಾರ್ಪಾಡುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಬರೆದಿಟ್ಟಿರುವನು. ೧೮೫೨ರಲ್ಲಿ ‘ಲಂಡನ್’ ಎಂಬ ತಳಿಯ ಒಂದು ಹಣ್ಣು, ಕಾಡುಹಣ್ಣಿನ ಏಳೆಂಟು ಪಟ್ಟು ತೂಗಿತಂತೆ. ಯಾವ ಸರಕಾರವೂ ಅಪ್ಪಣೆ ಕೊಡಲಿಲ್ಲ. ತಕ್ಕಡಿಯೊಂದು ಮೇಜಿನ ಮೇಲೆ ಇತ್ತು, ಅಷ್ಟೆ. ತಕ್ಕಡಿಯ ಬದಲು ನಾಲಗೆಯಿಂದ ತೀರ್ಪು ಹೇಳಿದ್ದರೆ ಅದೇ ಹಣ್ಣು ಇನ್ನೊಂದು ದಾರಿ ಹಿಡಿಯುತ್ತಿದ್ದಿತು.

ಈಗ ನಮ್ಮ ಬ್ಯಾಡಗಿಗೆ ಬರೋಣ. ಬ್ಯಾಡಗಿ ಮೆಣಸಿನಕಾಯಿಯ ಗುಣವು ತೂಕದಲ್ಲಿಲ್ಲ, ಖಾರದಲ್ಲಿಯೂ ಇಲ್ಲ. ಅದು ಬಣ್ಣದಲ್ಲಿದೆ, ಕಂಪಿನಲ್ಲಿದೆ, ಒಣಗಿದ ಮೇಲೆ ಮೈಮೇಲೆ ಬೀಳುವ ಸುಕ್ಕಿನಲ್ಲಿದೆ. ಕಡ್ಡಿಯು ನೀಳವಾಗಿ ತೆಳ್ಳಗಿದ್ದು ಬೀಜ ಕಡಿಮೆಯುಳ್ಳದ್ದು. ಡಬ್ಬಿಯು ಗಿಡ್ಡಾಗಿ ದುಂಡಗಿದ್ದು ಬೀಜ ತುಂಬಿದ್ದು, ಮಸಾಲೆಯವರು ಅದನ್ನು ಕಂಪಿಗಾಗಿ ಹುಡುಕಿಕೊಂಡು ಬರುವರು. ಈ ಕಾಯಿಯ ಬಣ್ಣದ ಸತ್ವವನ್ನು ತೆಗೆದು ತಿನಿಸುಗಳಲ್ಲಿ ಕೂಡಿಸುವರು. ಹೆಂಗಳೆಯರ ತುಟಿಯ ಬಣ್ಣಕ್ಕೂ ಅದು ಹೋಗುವುದು. ೨೦೧೧ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಕಾಯಿದೆಯ ರಕ್ಷಣೆಯು ದೊರೆಯಿತು. ಆದರೆ ಕಾಯಿದೆಯು ಹೆಸರನ್ನು ಕಾಯುವುದು. ಬೀಜವನ್ನು ಕಾಯುವುದು ಹೊಲವೇ. ಜವಾರಿ ಗಿಡವು ಫಸಲು ಕಡಿಮೆ ಕೊಡುವುದು, ಎಲೆ ಮುಟುರು ರೋಗಕ್ಕೆ ಬೇಗನೆ ತುತ್ತಾಗುವುದು. ಹೈಬ್ರಿಡ್ ಬೀಜವು ಎಕರೆಗೆ ಹೆಚ್ಚು ಚೀಲ ತುಂಬಿಸುವುದು. ಸಾಲದ ಕಂತು ತಲೆಯ ಮೇಲಿರುವ ಒಕ್ಕಲಿಗನು ಎರಡನೆಯದನ್ನು ಆರಿಸಿಕೊಂಡರೆ ನಾನು ಅವನನ್ನು ತಪ್ಪಿತಸ್ಥನೆನ್ನಲಾರೆ. ಹೀಗೆ ಹೊಲಹೊಲವಾಗಿ ಡಬ್ಬಿಯೂ ಕಡ್ಡಿಯೂ ಹಿಂಜರಿದಿವೆ.

ಇಂಥ ಹೊತ್ತಿನಲ್ಲಿ ಪ್ರದರ್ಶನವು ಏನು ಮಾಡುತ್ತಿದೆ? ಒಂದು ಊರಿನಲ್ಲಿ ನಾನು ಕಣ್ಣಾರೆ ಕಂಡುದನ್ನು ಹೇಳುವೆನು. ಊರಿನ ಹೆಸರು ಬೇಡ. ಇಬ್ಬರು ಹೊತ್ತು ತಂದ ಕುಂಬಳಕಾಯಿಗೆ ಮೊದಲನೆಯ ಬಹುಮಾನವಾಯಿತು. ಅದರ ಪಕ್ಕದಲ್ಲಿಯೇ ಮುದುಕಿಯೊಬ್ಬಳು ಮೊರದಲ್ಲಿ ಡಬ್ಬಿಕಾಯಿಯನ್ನು ಇಟ್ಟುಕೊಂಡು ಕುಳಿತಿದ್ದಳು. ತನ್ನ ಅತ್ತೆಯ ಕಾಲದಿಂದಲೂ ಬೀಜ ಹಿಡಿಯುತ್ತ ಬಂದುದೆಂದು ಹೇಳಿದಳು. ಪರೀಕ್ಷಕರು ಅತ್ತ ನೋಡಲೇ ಇಲ್ಲ. ನೋಡಿದ್ದರೂ ಅದನ್ನು ಯಾವ ವರ್ಗದಲ್ಲಿ ಸೇರಿಸಬೇಕೆಂಬುದು ಅವರ ಕಾಗದದಲ್ಲಿ ಇರಲಿಲ್ಲ.

ಆದುದರಿಂದ ನನ್ನ ಮೊದಲನೆಯ ಸೂಚನೆಯಿದು: ಜವಾರಿ ತಳಿಗೂ ಹೈಬ್ರಿಡ್ ತಳಿಗೂ ಬೇರೆ ಬೇರೆ ವರ್ಗಗಳಿರಲಿ. ಎರಡನ್ನೂ ಒಂದೇ ಹಲಗೆಯ ಮೇಲಿಟ್ಟು ಅಳೆದರೆ, ಜವಾರಿಯು ಗಾತ್ರದಲ್ಲಿ ಸೋಲುವುದು ಮೊದಲೇ ಗೊತ್ತಾದುದು. ಮೆಣಸಿನಕಾಯಿಗೆ ಇಪ್ಪತ್ತೈದು ಒಣ ಕಾಯಿಗಳು, ತೊಟ್ಟಿನೊಡನೆ. ಅವು ಒಂದನ್ನೊಂದು ಹೋಲಬೇಕು. ನೀರು ಚಿಮುಕಿಸಿದ ಕಾಯಿಯನ್ನು ತೆಗೆದುಹಾಕಬೇಕು. ಬಿಳಿಚಿದ ಕಾಯಿಯಿದ್ದರೆ ಗುಣ ಕಡಿಮೆ ಮಾಡಬೇಕು. ಪರೀಕ್ಷಕರು ಒಂದು ಕಾಯಿಯನ್ನಾದರೂ ಮುರಿದು, ಮೂಸಿ, ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡತಕ್ಕದ್ದು. ಹಸಿ ಕಾಯಿಪಲ್ಯೆಗಳಿಗೂ ಇದೇ ರೀತಿ: ಅಂದಿನ ಬೆಳಿಗ್ಗೆ ಕೊಯ್ದುದಿರಬೇಕು, ಬದನೆಯ ತೊಟ್ಟು ಮುರಿದಿರಬಾರದು, ಮೈಮೇಲಿನ ಸಹಜವಾದ ಹೊಳಪನ್ನು ಎಣ್ಣೆ ಬಟ್ಟೆಯಿಂದ ತಿಕ್ಕಿ ಕೆಡಿಸಿರಬಾರದು. ಚವಳಿಕಾಯಿಯು ಪಟ್ಟನೆ ಮುರಿಯಬೇಕು. ನಾರು ಜೋತುಬಿದ್ದರೆ ಅದು ದನಕ್ಕೆ. ಈ ಪರೀಕ್ಷೆಯನ್ನು ನಮ್ಮ ಮನೆಯ ಹೆಂಗಸರು ಸಂತೆಯಲ್ಲಿ ದಿನವೂ ಮಾಡುತ್ತಿರುವರು. ಆದರೂ ಪರೀಕ್ಷಕರ ಸಮಿತಿಯಲ್ಲಿ ಅವರನ್ನು ಯಾರೂ ಕೂಡಿಸುವುದಿಲ್ಲ.

ರಾಣೇಬೆನ್ನೂರಿನವರಿಗಂತೂ ಇದನ್ನು ವಿವರಿಸಬೇಕಾದುದಿಲ್ಲ. ಆ ತಾಲೂಕಿನ ಹಳ್ಳಿಗಳು ತರಕಾರಿಯ ಬೀಜೋತ್ಪಾದನೆಗೆ ಹೆಸರಾಗಿವೆ. ಅಲ್ಲಿಯ ಹೆಣ್ಣುಮಕ್ಕಳು ಇಳಿಹೊತ್ತಿನಲ್ಲಿ ಟೊಮ್ಯಾಟೊ, ಮೆಣಸಿನ ಮೊಗ್ಗುಗಳನ್ನು ಬಿಡಿಸಿ ಕೇಸರಗಳನ್ನು ಚಿಮಟದಿಂದ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ತಂದು ಮುಟ್ಟಿಸುವರು. ಕಾಲೇಜಿನಲ್ಲಿ ನಾವು ಚಿತ್ರ ನೋಡಿ ಕಲಿತುದನ್ನು ಅವರು ಬೆರಳ ತುದಿಯಲ್ಲಿ ಬಲ್ಲರು. ಆ ಬೀಜವು ಕಂಪನಿಯ ಚೀಟಿ ಹಚ್ಚಿಕೊಂಡು ದೂರದೂರದ ಹೊಲಗಳಿಗೆ ಹೋಗುವುದು. ಅದರಿಂದ ಬಂದ ಕಾಯಿಯ ಬೀಜವನ್ನು ಬಿತ್ತಿದರೆ ಮೊದಲಿನ ಗುಣ ಉಳಿಯದು, ಪ್ರತಿ ವರ್ಷವೂ ಹೊಸದಾಗಿ ಕೊಳ್ಳಲೇಬೇಕು. ಇಷ್ಟು ನುರಿತ ಕೈಗಳು ತಮ್ಮ ಊರಿನ ಬದನೆ, ಹೀರೆ, ಚವಳಿಗಳ ಒಳ್ಳೆಯ ಗಿಡಗಳನ್ನು ಆರಿಸಿ ಶುದ್ಧವಾಗಿ ಇಟ್ಟುಕೊಳ್ಳಲಾರವೆಂದು ಯಾರು ಹೇಳುವರು? ಅದಕ್ಕೊಂದು ಬಹುಮಾನವು ಈ ವರೆಗೆ ಇಲ್ಲ, ಅಷ್ಟೇ ಕೊರತೆ.

ಹೂಗಳ ವಿಷಯವನ್ನು ಸ್ವಲ್ಪದರಲ್ಲಿ ಮುಗಿಸುವೆನು. ಬೆಂಗಳೂರಿನ ಲಾಲಬಾಗಿನ ಗಾಜಿನ ಮನೆಯಲ್ಲಿ ಲಕ್ಷಗಟ್ಟಲೆ ಹೂಗಳಿಂದ ಗುಡಿಗೋಪುರಗಳ ಮಾದರಿಯನ್ನು ಕಟ್ಟುವರು, ನೋಡತಕ್ಕದ್ದೇ ಸರಿ. ಆದರೆ ಅದರ ಅನುಕರಣವು ಜಿಲ್ಲೆಜಿಲ್ಲೆಗೂ ಹಬ್ಬಿ, ಕಲ್ಲಂಗಡಿಯಲ್ಲಿ ದೊಡ್ಡವರ ಮುಖ ಕೊರೆಯುವುದೇ ಫಲಪುಷ್ಪ ಪ್ರದರ್ಶನವೆಂಬಂತಾಗಿದೆ. ಅಲ್ಲಿ ಒಕ್ಕಲಿಗನು ನೋಡುವವನು ಮಾತ್ರ. ಹಳ್ಳಿಯ ಪ್ರದರ್ಶನದಲ್ಲಿ ಅವನು ಇಡುವವನಾಗಬೇಕು. ಹಾವೇರಿಯವರಾದ ನಮಗೆ ಏಲಕ್ಕಿಯ ಮಾಲೆಯ ಮೇಲೆ ಅಭಿಮಾನ ಸಹಜವೇ. ಆದರೆ ಏಲಕ್ಕಿಯು ಮಲೆನಾಡಿನದು, ಪೋಣಿಸುವ ಕೈ ನಮ್ಮದು. ಅದನ್ನು ಕೈಗೆಲಸದ ವರ್ಗದಲ್ಲಿಡುವುದು ನ್ಯಾಯ. ಸೇವಂತಿಗೆ, ಚೆಂಡುಹೂಗಳನ್ನು ತಂಪು ಹೊತ್ತಿನಲ್ಲಿ ಕೊಯ್ದು, ದಂಟು ಮುಳುಗುವಂತೆ ನೀರಿನಲ್ಲಿಟ್ಟು ತಂದರೆ ಸಂಜೆಯ ವರೆಗೂ ನಿಲ್ಲುವುವು. ಮಲ್ಲಿಗೆಯ ಮಾತು ಬೇರೆ. ಹೊಳೆಯ ಆಚೆಯ ಹಡಗಲಿಯವರು ಅದರ ಮರ್ಮ ಬಲ್ಲವರು: ನಸುಕಿನಲ್ಲಿ ಮೊಗ್ಗಾಗಿ ಬಿಡಿಸಿದುದು ಇಳಿಹೊತ್ತಿಗೆ ಅರಳುವುದು. ಮಲ್ಲಿಗೆಯ ಕಾಲದಲ್ಲಿ ಪ್ರದರ್ಶನ ಮಾಡಿ, ಅತಿಥಿಗಳು ಬರುವ ಮಧ್ಯಾಹ್ನ ಹನ್ನೆರಡಕ್ಕೆ ಅದನ್ನು ಪರೀಕ್ಷಿಸಿದರೆ ಯಾವ ಮಲ್ಲಿಗೆಯೂ ತೇರ್ಗಡೆಯಾಗದು. ದೀಪ ಹಚ್ಚುವ ಹೊತ್ತಿಗೆ ಪರೀಕ್ಷಿಸತಕ್ಕದ್ದು, ಅತಿಥಿಗಳು ಕಾಯಲಿ.

ಶಿಕ್ಷಕ ಮಿತ್ರರಲ್ಲಿ ವಿಶೇಷವಾದ ಅರಿಕೆಯೊಂದಿದೆ. ಪ್ರತಿ ಬುಟ್ಟಿಗೂ ಒಂದು ದಾಖಲೆ ಬೇಕು. ತಳಿಯನ್ನು ಊರಿನಲ್ಲಿ ಏನೆಂದು ಕರೆಯುವರು, ಬೀಜ ಯಾರಿಂದ ಬಂದಿತು, ಎಷ್ಟು ವರ್ಷದಿಂದ ಹಿಡಿಯುತ್ತಿರುವರು, ಎರೆಯೋ ಮಸಾರಿಯೋ, ಮಳೆಯ ಬೆಳೆಯೋ ನೀರಾವರಿಯೋ — ಇಷ್ಟನ್ನು ಶಾಲೆಯ ವಹಿಯಲ್ಲಿ ಮಕ್ಕಳ ಕೈಯಿಂದ ಬರೆಯಿಸಿರಿ. ೨೦೦೧ರ ಸಸ್ಯತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ, ಒಕ್ಕಲಿಗರು ಪರಂಪರೆಯಿಂದ ಬೆಳೆಸಿ ತಿದ್ದಿದ ತಳಿಯನ್ನು ಅವರ ಹೆಸರಿನಲ್ಲಿಯೇ ನೋಂದಾಯಿಸಲು ಅವಕಾಶವಿದೆ. ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಹಂಚುವ ಹಕ್ಕೂ ಇದೆ. ಕಂಪನಿಯ ಮುದ್ರೆಯಿಟ್ಟು ಮಾರುವುದಕ್ಕೆ ಮಾತ್ರ ಅಡ್ಡಿ. ಆದರೆ ನೋಂದಣಿಯ ಮುಂದೆ, ‘ನಮ್ಮ ಅಜ್ಜನ ಕಾಲದಿಂದಲೂ ಇದೆ’ ಎಂಬ ಬಾಯಿಮಾತಿಗಿಂತ ವರ್ಷವರ್ಷವೂ ತುಂಬಿದ ವಹಿಯೇ ಹೆಚ್ಚು ಬಾಳುವುದು. ಆ ಮುದುಕಿಯ ಮೊರದ ಹಿಂದೆ ಅಂಥ ಹಾಳೆಯೊಂದಿದ್ದಿದ್ದರೆ!

ಇದರಿಂದ ಬೆಲೆ ಏರುವುದೇ ಎಂದು ಕೆಲವರು ಕೇಳುವರು. ೨೦೨೪ರ ಮಾರ್ಚಿ ೧೧ರಂದು ದರ ಕುಸಿದುದಕ್ಕೆ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸಿಟ್ಟು ಹೊತ್ತಿ ವಾಹನಗಳು ಉರಿದುದನ್ನು ಯಾರೂ ಮರೆತಿಲ್ಲ. ಪ್ರದರ್ಶನವು ದರವನ್ನು ಏರಿಸಲಾರದು. ಹಾಗೆ ಆಸೆ ಹುಟ್ಟಿಸುವುದು ವಂಚನೆ. ಆದರೆ ಮಾರುಕಟ್ಟೆಯಲ್ಲಿ ಕಾಯಿಯ ದರ್ಜೆಯನ್ನು ಕೊಳ್ಳುವವನು ಕಟ್ಟುವನು, ಬೆಳೆದವನು ಕೇಳಿಕೊಂಡು ನಿಲ್ಲುವನು. ತನ್ನ ಊರಿನ ಚಾವಡಿಯಲ್ಲಿ ನಾಲ್ಕು ಸಲ ದರ್ಜೆ ಕಟ್ಟಿ ವಾದಿಸಿದವನು ಅಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲಲಾರನು.

ಇನ್ನು ಕಾಲದ ಮಾತು. ಹಸಿ ಕಾಯಿಪಲ್ಯೆ, ಹೂಗಳಿಗೆ ಸೀಗೆ ಹುಣ್ಣಿಮೆಯ ಸುತ್ತಿನ ದಿನಗಳು ಒಳ್ಳೆಯವು. ಒಣ ಮೆಣಸಿನಕಾಯಿಗೆ ಸಂಕ್ರಾಂತಿ ಕಳೆಯಲಿ. ಬಹುಮಾನ ಬಂದ ಕಾಯಿಗಳನ್ನು ಅದೇ ಸಂಜೆ ಲಿಲಾವು ಮಾಡುವ ರೂಢಿಯನ್ನು ಬಿಡಬೇಕು. ಒಂದೊಂದು ಬುಟ್ಟಿಯಿಂದ ಹತ್ತು ಕಾಯಿಗಳನ್ನು ಒಡೆಯನ ಒಪ್ಪಿಗೆಯಿಂದ ಶಾಲೆಯಲ್ಲಿ ಮಡಕೆಯೊಳಗೆ ಇಟ್ಟು, ಮಿರಗಕ್ಕೆ ಮುಂಚೆ ಕೇಳಿದವರಿಗೆ ಚಿಟಿಕೆ ಚಿಟಿಕೆಯಾಗಿ ಬೀಜ ಕೊಡಬಹುದು. ಒಯ್ದವರು ಮರುವರ್ಷ ಒಂದು ಬುಟ್ಟಿ ಕಾಯಿಯನ್ನು ತಂದಿಡತಕ್ಕದ್ದೆಂದು ಕರಾರಿರಲಿ. ಆ ಕರಾರುಪತ್ರವನ್ನು ನಾನೇ ಬರೆದುಕೊಡುವೆನು, ಫೀಯಿಲ್ಲ.