ಸೂಲಗಿತ್ತಿಯೂ ವೈದ್ಯರೂ
(ವಾರ್ಷಿಕೋತ್ಸವದ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಿಗೆ ಹೆರಿಗೆಯ ವಿಷಯವೇತಕ್ಕೆಂದು ತಮ್ಮಲ್ಲಿ ಕೆಲವರು ಮುಗುಳ್ನಗುತ್ತಿರಬಹುದು. ಆದಕಾರಣ ಶಬ್ದದಿಂದಲೇ ಆರಂಭಿಸುತ್ತೇನೆ. ಅಷ್ಟಕ್ಕೆ ನನಗೆ ಅಧಿಕಾರವುಂಟು. ‘ಸೂಲ್’ ಎಂದರೆ ಹಳಗನ್ನಡದಲ್ಲಿ ಹೆರಿಗೆ. ಒಕ್ಕಲಗಿತ್ತಿ, ಹೂವಾಡಗಿತ್ತಿ ಎಂಬಂತೆ ಹೆರಿಗೆ ಮಾಡಿಸುವವಳು ಸೂಲಗಿತ್ತಿ. ಆಕೆಯನ್ನೇ ತೆಲುಗಿನಲ್ಲಿ ಮಂತ್ರಸಾನಿ ಎನ್ನುವರು. ಆಕೆಯಲ್ಲಿದ್ದುದು ಮಂತ್ರಕ್ಕಿಂತಲೂ ಹೆಚ್ಚಾಗಿ ತಾಳ್ಮೆ.

ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ಪರಿಗಿಯಲ್ಲಿ ಕೇಳದವರಿಲ್ಲ. ಅಕ್ಷರ ಕಲಿಯದ ಆ ತಾಯಿ ಪ್ರತಿಫಲವನ್ನು ಬಯಸದೆ 15,000ಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯವು 2014ರಲ್ಲಿ ಗೌರವ ಡಾಕ್ಟರೇಟನ್ನೂ, ಭಾರತ ಸರ್ಕಾರವು 2018ರಲ್ಲಿ ಪದ್ಮಶ್ರೀಯನ್ನೂ ಅವರಿಗೆ ನೀಡಿದವು. ಅದೇ ವರ್ಷದ ಡಿಸೆಂಬರ್ 25ರಂದು ಅವರು ದಿವಂಗತರಾದರು.

ಆದರೆ ಅವರ ಹೆಸರನ್ನು ಮುಂದಿಟ್ಟುಕೊಂಡು, ಹಿಂದಿನ ಕಾಲವೇ ಲೇಸು, ಆಸ್ಪತ್ರೆಯೇತಕ್ಕೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ನರಸಮ್ಮನವರಂಥವರು ಊರಿಗೊಬ್ಬರಿರಲಿಲ್ಲ. ನಿಲ್ಲದ ರಕ್ತಸ್ರಾವಕ್ಕೆ, ಅಡ್ಡಲಾಗಿ ನಿಂತ ಮಗುವಿಗೆ ಮನೆಯಲ್ಲಿ ಉಪಾಯವಿರಲಿಲ್ಲ. 1990ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದು ಲಕ್ಷ ಹೆರಿಗೆಗೆ 556 ತಾಯಂದಿರು ಸಾಯುತ್ತಿದ್ದರು. 2018-20ರ ವೇಳೆಗೆ ಆ ಸಂಖ್ಯೆ 97ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆಗೆ ಇದರಲ್ಲಿ ದೊಡ್ಡ ಪಾಲು ಸಲ್ಲುತ್ತದೆ.

ಹಾಗೆಂದು ಆಸ್ಪತ್ರೆಯ ಚರಿತ್ರೆಯೂ ನಿಷ್ಕಳಂಕವಾದುದಲ್ಲ. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಕೆಲಸ ಮಾಡುತ್ತಿದ್ದರು. 1846ರಲ್ಲಿ ವೈದ್ಯರ ವಿಭಾಗದಲ್ಲಿ ನೂರಕ್ಕೆ ಹನ್ನೊಂದು ಬಾಣಂತಿಯರು ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ಮೂವರಿಗಿಂತಲೂ ಕಡಿಮೆ. ಗರ್ಭಿಣಿಯರು ಮೊದಲನೆಯ ವಿಭಾಗವೆಂದರೆ ನಡುಗುತ್ತಿದ್ದರಂತೆ. ಸೆಮ್ಮೆಲ್ವೈಸ್ ಎಂಬ ವೈದ್ಯನು 1847ರಲ್ಲಿ ಕಾರಣವನ್ನು ಕಂಡುಹಿಡಿದನು: ಹೆಣ ಕೊಯ್ದ ಕೈಗಳಿಂದಲೇ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು! ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯುವಂತೆ ಕಟ್ಟಪ್ಪಣೆ ಮಾಡಿದ ಮೇಲೆ ಸಾವು ತಗ್ಗಿತು. ಆತನ ಮಾತನ್ನು ಹಿರಿಯ ವೈದ್ಯರಲ್ಲಿ ಬಹುಮಂದಿ ಒಪ್ಪಲಿಲ್ಲವೆಂಬುದು ಬೇರೆ ವಿಚಾರ.

ಇಂದು ಕೈ ಶುದ್ಧವಾಗಿದೆ, ತಾಳ್ಮೆ ಮಾತ್ರ ಕಡಿಮೆಯಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆಂಧ್ರಪ್ರದೇಶದಲ್ಲಿ ನೂರು ಹೆರಿಗೆಗಳಲ್ಲಿ 42 ಸಿಸೇರಿಯನ್, ಕರ್ನಾಟಕದಲ್ಲಿ 31. ನೂರಕ್ಕೆ ಹತ್ತನ್ನು ಮೀರಿದರೆ ತಾಯಿ ಮಕ್ಕಳ ಸಾವು ಮತ್ತಷ್ಟು ಇಳಿಯುವುದು ಕಾಣದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲೇ ತಿಳಿಸಿದೆ. ಆ ಶಸ್ತ್ರಚಿಕಿತ್ಸೆ ಅನೇಕರ ಪ್ರಾಣವನ್ನುಳಿಸಿದೆ, ನಿಜ. ಆದರೆ ನಮ್ಮ ನೂರು ಹೆಣ್ಣುಮಕ್ಕಳಲ್ಲಿ ನಲವತ್ತೆರಡು ಮಂದಿ ಶಸ್ತ್ರವಿಲ್ಲದೆ ಹೆರಲಾರದಷ್ಟು ಅಶಕ್ತರಾದರೇ? ದೋಷವನ್ನೆಲ್ಲ ವೈದ್ಯರ ಮೇಲೆ ಹೊರಿಸುವುದೂ ನ್ಯಾಯವಲ್ಲ. ಜೋಯಿಸರಿಂದ ಮುಹೂರ್ತವಿಡಿಸಿಕೊಂಡು ಬಂದು, ಅದೇ ಗಳಿಗೆಗೆ ಮಗುವನ್ನು ತೆಗೆಯಿರೆಂದು ಹಟ ಹಿಡಿಯುವ ಬಂಧುಗಳೂ ಇದ್ದಾರೆ.

ತರಬೇತಿ ಪಡೆದ ಸೂಲಗಿತ್ತಿಯೇ ಬಸಿರಿನಿಂದ ಬಾಣಂತನದವರೆಗೆ ಜತೆಗಿದ್ದು, ತೊಡಕಾದಾಗ ವೈದ್ಯರಿಗೆ ಒಪ್ಪಿಸುವ ಕ್ರಮವನ್ನು ಆಸ್ಟ್ರೇಲಿಯ, ಬ್ರಿಟನ್, ಕೆನಡಾ ಮೊದಲಾದ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. 18,533 ಸ್ತ್ರೀಯರನ್ನೊಳಗೊಂಡ 17 ಪ್ರಯೋಗಗಳ ಪರಿಶೀಲನೆ 2024ರಲ್ಲಿ ಪ್ರಕಟವಾಯಿತು. ಸಹಜ ಹೆರಿಗೆ ನೂರಕ್ಕೆ 66ರಿಂದ 70ಕ್ಕೆ ಏರಿತ್ತು. ಹೆಚ್ಚಳ ಅಲ್ಪವೆನಿಸಬಹುದು, ಹೆರುವವಳಿಗೆ ಅಲ್ಪವಲ್ಲ. ಒಪ್ಪಿಸುವ ಹೊತ್ತನ್ನು ಅರಿಯುವುದೇ ಇಲ್ಲಿನ ವಿದ್ಯೆ. ತಲೆ ಸಿಡಿತ, ಕಣ್ಣು ಮಂಜು, ಸೆಳೆವು, ರಕ್ತ ಹೋಗುವಿಕೆ ಇವುಗಳಲ್ಲಿ ಯಾವುದು ಕಂಡರೂ ಕಾಯತಕ್ಕದ್ದಲ್ಲ, 108ಕ್ಕೆ ಕರೆ ಮಾಡತಕ್ಕದ್ದು.

ಭಾರತ ಸರ್ಕಾರವೂ 2018ರಲ್ಲಿ ದಾದಿಯರಿಗೆ ಹದಿನೆಂಟು ತಿಂಗಳ ಸೂಲಗಿತ್ತಿ ಶಿಕ್ಷಣವನ್ನು ಗೊತ್ತುಪಡಿಸಿತು. ನಮ್ಮ ಪ್ರೌಢಶಾಲೆಯ ಹುಡುಗಿಯರಲ್ಲಿ ದಾದಿಯಾಗಬೇಕೆನ್ನುವವರು ವರ್ಷವೂ ಇರುತ್ತಾರೆ. ಅದು ಮೈಲಿಗೆಯ ಕೆಲಸವೆಂದು ತಡೆಯುವ ತಂದೆತಾಯಿಗಳೂ ಇರುತ್ತಾರೆ. ಅಂಥವರು ಈ ಸಭೆಯಲ್ಲಿದ್ದರೆ, ಗೋಷ್ಠಿ ಮುಗಿದ ಬಳಿಕ ನನ್ನೊಡನೆ ಎರಡು ಮಾತನಾಡಬೇಕೆಂದು ಪ್ರಾರ್ಥಿಸುತ್ತೇನೆ.